ನಾವೆಷ್ಟು ಜನ ಬಂದೆವು? - ಶಿರೂರಿನಲ್ಲಿ ಕೂತು ಹಾಕಿದ ವಲಸೆಯ ಲೆಕ್ಕ

"ನಾನಿರೋದು ಶಿರೂರಿನಲ್ಲಿ" ಅಂದ ಕೂಡಲೇ ಊರ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಯಾವ ಶಿರೂರು?" ಅಂತ. ಕರಾವಳಿಯವರಿಗೆ ಬೈಂದೂರಿನ ಪಕ್ಕದ ಶಿರೂರು ನೆನಪಾಗುತ್ತೆ. ಉತ್ತರ ಕನ್ನಡದವರಿಗೆ 2024ರ ಜುಲೈನಲ್ಲಿ ಗುಡ್ಡ ಕುಸಿದ ಅಂಕೋಲೆಯ ಶಿರೂರು. ಬಾಗಲಕೋಟೆಯವರಿಗೆ ತಮ್ಮದೇ ಒಂದು ಶಿರೂರು. ಸಾಲದ್ದಕ್ಕೆ ಮಹಾರಾಷ್ಟ್ರದ ಒಳಗೇ ಬೀಡ ಜಿಲ್ಲೆಯಲ್ಲೊಂದು, ಲಾತೂರು ಜಿಲ್ಲೆಯಲ್ಲೊಂದು! ನನ್ನದು ಪುಣೆ ಜಿಲ್ಲೆಯ ಶಿರೂರು. ಪುಣೆಯಿಂದ ಅಹಿಲ್ಯಾನಗರಕ್ಕೆ (ನಮ್ಮ ಬಾಯಲ್ಲಿ ಇನ್ನೂ ಅದು 'ನಗರ'ವೇ) ಹೋಗುವ ರಸ್ತೆಯಲ್ಲಿ ಸುಮಾರು ಎಪ್ಪತ್ತು ಕಿಲೋಮೀಟರು. ಘೋಡ ನದಿಯ ದಂಡೆಯ ಮೇಲಿರುವುದರಿಂದ ಇಲ್ಲಿಯ ಹಳಬರು ಊರಿಗೆ 'ಘೋಡನದಿ' ಅಂತಲೇ ಅನ್ನುತ್ತಾರೆ. ಈ ನದಿ ಮುಂದೆ ಹೋಗಿ ಭೀಮೆಗೆ ಸೇರುತ್ತೆ, ಭೀಮೆ ನಮ್ಮ ಇಂಡಿ ತಾಲೂಕಿನ ಅಂಚಿಗೆ ಬರುತ್ತಾಳೆ. ಅಂದರೆ ಇಲ್ಲಿಯ ನೀರು ನಮ್ಮೂರಿಗೆ ಹೋಗುತ್ತೆ, ನಮ್ಮೂರಿನ ಜನ ಇಲ್ಲಿಗೆ ಬರುತ್ತಾರೆ!

ಹೊರಗಿನವರು ಬಂದು ಹೋಗುವುದು ಈ ಊರಿಗೆ ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಇಲ್ಲಿ ಇಂಗ್ಲಿಷರ ದಂಡು ಇತ್ತು. 1809ರಲ್ಲಿ ತೀರಿಕೊಂಡ ಕರ್ನಲ್ ವಿಲಿಯಂ ವಾಲೇಸನ ಗೋರಿ ಇಲ್ಲಿದೆ. ಊರಿನವರು ಅವನನ್ನು 'ಸತ್ಪುರುಷ' ಅಂತ ನಂಬಿ ನಡೆದುಕೊಳ್ಳುತ್ತಿದ್ದರು ಅಂತ ಹಳೆಯ ಗೆಜೆಟಿಯರ್ ಹೇಳುತ್ತೆ. 1817ರ ಡಿಸೆಂಬರ್ 31ರ ರಾತ್ರಿ ಕ್ಯಾಪ್ಟನ್ ಸ್ಟಾಂಟನ್ನನ ಪಡೆ ಹೊರಟು, ಮರುದಿನ ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯಕ್ಕೆ ಎದುರಾದದ್ದು ಇದೇ ಶಿರೂರಿನಿಂದ. ದಂಡು ಹೋಯಿತು, ಸಂತೆ ಉಳಿಯಿತು. ಆಮೇಲೆ 1990ರ ದಶಕದಿಂದ ರಾಂಜಣಗಾಂವದಲ್ಲಿ ಎಂಐಡಿಸಿ ಬೆಳೆಯಿತು, ಕಾರಿನಿಂದ ಹಿಡಿದು ಫ್ರಿಜ್ಜಿನವರೆಗೆ ಕಾರ್ಖಾನೆಗಳು ಬಂದವು. ನಾನು 1983ರಲ್ಲಿ ಪುಣೆಗೆ ಬಂದವನು, ಭೋಸರಿಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಕಂಪನಿ ಇತ್ತ ಬಂದಾಗ ನಾನೂ ಗಂಟುಮೂಟೆ ಕಟ್ಟಿಕೊಂಡು ಶಿರೂರಿಗೆ ಬಂದೆ. ಆಮೇಲೆ ಇಲ್ಲಿಂದ ಏಳಲಿಲ್ಲ.

ಈ ಲೇಖನಕ್ಕೆ ಕಾರಣ ಒಂದು ಚಹಾ. ಎಸ್‌ಟಿ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಿದ್ದಾಗ ಪಕ್ಕದಲ್ಲಿ ಇಬ್ಬರು ಹುಡುಗರು ನಮ್ಮ ಕಡೆಯ ಕನ್ನಡದಲ್ಲಿ ಜಗಳ ಆಡುತ್ತಿದ್ದರು. ಮಾತಾಡಿಸಿದೆ. ಸಿಂದಗಿ ಕಡೆಯವರು, ಸೆಂಟ್ರಿಂಗ್ ಕೆಲಸ. ಅವರಲ್ಲಿ ಸಣ್ಣವನು ಕೇಳಿದ:

"ಕಾಕಾರ, ಇಲ್ಲಿ ನಮ್ಮ ಕಡೀ ಮಂದಿ ಒಟ್ಟ ಎಷ್ಟ ಅದಾರ್ರಿ?"

"ಯಾರಿಗೆ ಗೊತ್ತೋ ತಮ್ಮಾ... ಯಾರ ಎಣಿಸ್ಯಾರ?"

"ಸರಕಾರದ ಲೆಕ್ಕದಾಗ ಇರಬೇಕಲ್ರಿ?"

ನಲವತ್ತು ವರ್ಷ ಸ್ಟಾಕ್ ರಿಜಿಸ್ಟರ್ ಬರೆದವನಿಗೆ ಇಂಥ ಪ್ರಶ್ನೆ ಕೇಳಬಾರದು ನೋಡಿ. ರಾತ್ರಿ ನಿದ್ದೆ ಬರಲಿಲ್ಲ. ಮಾಲು ಒಳಗೆ ಬಂದಾಗ ಒಂದು ಎಂಟ್ರಿ, ಹೊರಗೆ ಹೋದಾಗ ಒಂದು ಎಂಟ್ರಿ, ಇದು ನನ್ನ ಕಸುಬಿನ ನೀತಿ. ಮನುಷ್ಯರಿಗೆ ಈ ದೇಶದೊಳಗೆ ಅಂಥ ಗೇಟು ಇಲ್ಲ, ಇರಲೂ ಬಾರದು. ಹಾಗಾದರೆ ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಎಷ್ಟು ಜನ ಹೋದರು ಅಂತ ಹೇಳುವವರು ಹೇಗೆ ಹೇಳುತ್ತಾರೆ? ಮಗಳ ಲ್ಯಾಪ್‌ಟಾಪು ಹಿಡಿದು ಒಂದು ತಿಂಗಳು ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ನಿಮ್ಮದೇ ಕಥೆ.

ಎಲ್ಲಕ್ಕಿಂತ ಹಳೆಯ ದಾರಿ ಅಂದರೆ ನೇರವಾಗಿ ಕೇಳುವುದು, "ಎಲ್ಲಿ ಹುಟ್ಟಿದಿರಿ?" ಅಂತ. ನಮ್ಮಲ್ಲಿ 1881ರ ಜನಗಣತಿಯಲ್ಲೇ ಈ ಪ್ರಶ್ನೆ ಇತ್ತು. ಹುಟ್ಟಿದ ಜಿಲ್ಲೆ ಬೇರೆ, ಎಣಿಸಿದ ಜಿಲ್ಲೆ ಬೇರೆ ಅಂದರೆ ಆ ಮನುಷ್ಯ ವಲಸೆಗಾರ. ಅದೇ 1881ರಲ್ಲಿ ಇಂಗ್ಲೆಂಡಿನಲ್ಲೂ ಜನಗಣತಿ ನಡೆದಿತ್ತು. ಜನ ಓಡಾಡುವುದಕ್ಕೆ ಯಾವ ನಿಯಮವೂ ಇದ್ದಂತಿಲ್ಲ ಅಂತ ವಿಲಿಯಂ ಫಾರ್ ಎಂಬ ಅಲ್ಲಿಯ ದೊಡ್ಡ ಅಂಕಿಅಂಶದ ಪಂಡಿತರು ಹೇಳಿದ್ದರಂತೆ. ಅದಕ್ಕೆ ಉತ್ತರ ಕೊಡಲು ಹೊರಟವರು ಅರ್ನ್‌ಸ್ಟ್ ಜಾರ್ಜ್ ರಾವೆನ್‌ಸ್ಟೈನ್. ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ನಕ್ಷೆಗಾರ, ಅಂದರೆ ಸ್ವತಃ ವಲಸೆಗಾರ! 1885ರಲ್ಲಿ ಅವರು 'ವಲಸೆಯ ನಿಯಮಗಳು' ಅಂತ ಪ್ರಬಂಧ ಬರೆದರು. ಬಹಳ ಜನ ಹೋಗುವುದು ಹತ್ತಿರಕ್ಕೇ. ದೂರ ಹೋಗುವವರು ದೊಡ್ಡ ಪಟ್ಟಣಕ್ಕೆ ಹೋಗುತ್ತಾರೆ. ಒಂದು ಕಡೆ ಪ್ರವಾಹ ಹರಿದರೆ ಅದಕ್ಕೆ ಎದುರಾಗಿ ಒಂದು ಸಣ್ಣ ಪ್ರವಾಹ ವಾಪಸ್ಸೂ ಹರಿಯುತ್ತೆ. ಹತ್ತಿರದ ಓಡಾಟದಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದು. ಮದುವೆಯಾಗಿ ಗಂಡನ ಮನೆಗೆ ಹೋಗುವ ನಮ್ಮ ಹೆಣ್ಣುಮಕ್ಕಳನ್ನು ನೆನೆದರೆ ಈ ಕೊನೆಯದು ಇಂಗ್ಲೆಂಡಿಗಿಂತ ನಮಗೇ ಸರಿಯಾಗಿ ಹೊಂದುತ್ತೆ, ಅಲ್ಲವೇ?

ಹುಟ್ಟಿದ ಊರಿನ ಲೆಕ್ಕದಲ್ಲಿ ಒಂದು ದೊಡ್ಡ ಹುಳುಕಿದೆ. ಅದು ನನಗೆ ಅರ್ಥವಾದದ್ದು ನಮ್ಮ ಜಿಲ್ಲೆಯ ಚರಿತ್ರೆಯಿಂದ. 1881ರಲ್ಲಿ 'ಬಿಜಾಪುರ ಜಿಲ್ಲೆ' ಅನ್ನುವ ಹೆಸರೇ ಇರಲಿಲ್ಲ, ಅದು ಕಲಾದಗಿ ಜಿಲ್ಲೆ. 1885ರಲ್ಲಿ ಕಚೇರಿ ಬಿಜಾಪುರಕ್ಕೆ ಬಂದ ಮೇಲೆ ಹೆಸರೂ ಬದಲಾಯಿತು. ಆಗ ಪುಣೆಯೂ ಮುಂಬಯಿ ಪ್ರಾಂತ್ಯ, ಬಿಜಾಪುರವೂ ಮುಂಬಯಿ ಪ್ರಾಂತ್ಯ. ಪಕ್ಕದ ಕಲಬುರಗಿ ಮಾತ್ರ ನಿಜಾಮನ ಹೈದರಾಬಾದು. ಹಾಗಾಗಿ ಆ ಕಾಲದಲ್ಲಿ ಇಂಡಿಯಿಂದ ಒಬ್ಬ, ಅಫಜಲಪುರದಿಂದ ಒಬ್ಬ, ಇಬ್ಬರೂ ಒಟ್ಟಿಗೆ ನಡೆದು ಶಿರೂರಿಗೆ ಬಂದಿದ್ದರೆ ಪ್ರಾಂತ್ಯ-ಪ್ರಾಂತ್ಯದ ಕೋಷ್ಟಕದಲ್ಲಿ ಅಫಜಲಪುರದವನು ಮಾತ್ರ ವಲಸೆಗಾರ. ಇಂಡಿಯವನು ಮನೆಯೊಳಗೇ ಇದ್ದಂತೆ! 1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ ಆಯಿತು, ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಇಪ್ಪತ್ತು ವರ್ಷದಿಂದ ಶಿರೂರಿನಲ್ಲೇ ಕೂತಿದ್ದ ಇಂಡಿಯವನು ರಾತ್ರೋರಾತ್ರಿ 'ಹೊರರಾಜ್ಯದಲ್ಲಿ ಹುಟ್ಟಿದವನು' ಆಗಿಹೋದ. ಅವನು ಒಂದು ಹೆಜ್ಜೆಯೂ ಕದಲಿರಲಿಲ್ಲ, ಕದಲಿದ್ದು ಗೆರೆ. ಮುಂದೆ 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು, 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಒಂದು ದಶಕದ ಕೋಷ್ಟಕವನ್ನು ಇನ್ನೊಂದು ದಶಕದ್ದಕ್ಕೆ ಹೊಂದಿಸುವವರು ಮೊದಲು ಈ ಹರಿದ ನಕ್ಷೆಗಳನ್ನು ಹೊಲಿಯಬೇಕು.

ಕಿಂಗ್ಸ್‌ಲೆ ಡೇವಿಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1951ರಲ್ಲಿ ಭಾರತ ಮತ್ತು ಪಾಕಿಸ್ತಾನದ ಜನಸಂಖ್ಯೆಯ ಮೇಲೆ ದೊಡ್ಡ ಪುಸ್ತಕ ಬರೆದರು. ಇಂಗ್ಲಿಷರ ಕಾಲದ ಜನಗಣತಿಗಳನ್ನು ಜಾಲಾಡಿ, ತಾವು ಹುಟ್ಟಿದ ಪ್ರಾಂತ್ಯ ಬಿಟ್ಟು ಹೊರಗಿದ್ದವರು ನೂರಕ್ಕೆ ನಾಲ್ಕು ಜನವೂ ಇಲ್ಲ ಅಂತ ತೋರಿಸಿದರು. ಭಾರತೀಯರು ಊರು ಬಿಡುವವರಲ್ಲ. ಜಾತಿ, ಒಟ್ಟು ಕುಟುಂಬ, ಬೇಸಾಯ, ಬೇರೆ ಬೇರೆ ಭಾಷೆ ಇವೆಲ್ಲ ಕಾಲಿಗೆ ಕಟ್ಟಿದ ಹಗ್ಗ ಅಂತ ಅವರ ಅಭಿಪ್ರಾಯ. ಮುಂಬಯಿ ಪ್ರಾಂತ್ಯದಷ್ಟು ಅಗಲವಾದ ಸೀಮೆಯನ್ನು ಒಂದು ಮನೆ ಅಂತ ಹಿಡಿದರೆ, ಒಳಗಿನ ಓಡಾಟ ಎಷ್ಟೇ ಇರಲಿ, ಹೊರಗೆ ಹೋದವರು ಕಡಿಮೆ ಅಂತಲೇ ಕಾಣುತ್ತೆ. ಗೆರೆ ಎಲ್ಲಿ ಎಳೆದಿದ್ದೀರಿ ಅನ್ನುವುದರ ಮೇಲೆ ಉತ್ತರ.

ಎರಡನೆಯ ದಾರಿ ಇನ್ನೂ ಚೆಂದ, ನನ್ನಂಥ ಸ್ಟೋರಿನವನಿಗೆ ಕೂಡಲೇ ಹಿಡಿಸಿತು. ಯಾರನ್ನೂ "ಎಲ್ಲಿಂದ ಬಂದಿರಿ" ಅಂತ ಕೇಳುವುದೇ ಬೇಡ. ಒಂದು ತಾಲೂಕಿನಲ್ಲಿ 2001ರಲ್ಲಿ ಹತ್ತರಿಂದ ಹತ್ತೊಂಬತ್ತು ವಯಸ್ಸಿನವರು 1000 ಜನ ಇದ್ದರು ಅಂತ ಇಟ್ಟುಕೊಳ್ಳಿ (ಇದು ಬರೀ ಉದಾಹರಣೆ). ಹತ್ತು ವರ್ಷದ ಮೇಲೆ ಅದೇ ಜನ ಇಪ್ಪತ್ತರಿಂದ ಇಪ್ಪತ್ತೊಂಬತ್ತರವರಾಗಿರಬೇಕು. ದೇಶದಲ್ಲಿ ಆ ವಯಸ್ಸಿನವರು ಹತ್ತು ವರ್ಷದಲ್ಲಿ ನೂರಕ್ಕೆ ಇಬ್ಬರು ಸಾಯುತ್ತಾರೆ ಅಂದರೆ 980 ಜನ ಉಳಿಯಬೇಕು. 2011ರಲ್ಲಿ ಎಣಿಸಿದಾಗ ಸಿಕ್ಕಿದ್ದು 800. ಹಾಗಾದರೆ ಕಮ್ಮಿ ಬಿದ್ದ 180 ಜನ ಊರು ಬಿಟ್ಟಿದ್ದಾರೆ! ವರ್ಷದ ಕೊನೆಗೆ ಗೋದಾಮಿನಲ್ಲಿ ನಾವು ಮಾಡುವ ಸ್ಟಾಕ್ ತಪಾಸಣೆಯೂ ಹೀಗೇ.

ಈ ವಿಧಾನವನ್ನು ನಮ್ಮ ಹಳೆಯ ಜನಗಣತಿಗಳಿಗೆ ಹಚ್ಚಿ ದುಡಿದವರು ಕೆ.ಸಿ. ಜಕರಿಯಾ. 1901ರಿಂದ 1931ರವರೆಗಿನ ಭಾರತ ಉಪಖಂಡದ ಒಳವಲಸೆಯ ಚರಿತ್ರೆಯನ್ನು 1964ರಲ್ಲಿ ಹೊರತಂದರು. ಆ ಕೆಲಸ ನಡೆದದ್ದು ಮುಂಬಯಿಯ ಜನಸಂಖ್ಯಾ ತರಬೇತಿ ಕೇಂದ್ರದಲ್ಲಿ, ಇವತ್ತು ದೇವನಾರದಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದೇ. ಕಂಪ್ಯೂಟರ್ ಕೈಗೆಟುಕದ ಕಾಲದಲ್ಲಿ ಪ್ರಾಂತ್ಯ, ವಯಸ್ಸು, ಗಂಡು, ಹೆಣ್ಣು ಅಂತ ಬೇರೆ ಬೇರೆಯಾಗಿ ಮೂರು ದಶಕ ಕಳೆದು ಕೂಡಿದ್ದನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತೆ.

ಆದರೆ ಈ ಲೆಕ್ಕ ಹೇಳುವುದು 'ನಿವ್ವಳ' ಮಾತ್ರ. 300 ಜನ ಹೋಗಿ 120 ಜನ ಬಂದರೂ 180, ಯಾರೂ ಬರದೆ 180 ಜನ ಹೋದರೂ 180. ನಮ್ಮೂರಿಂದ ಒಬ್ಬ ಮಗಳು ಹೋಗಿ ಒಬ್ಬ ಸೊಸೆ ಬಂದರೆ ಸೊನ್ನೆ. ಎಲ್ಲಿಂದ ಎಲ್ಲಿಗೆ ಅನ್ನುವುದಂತೂ ಇಲ್ಲವೇ ಇಲ್ಲ. ಕಮ್ಮಿ ಬಿದ್ದ ಆ 180 ಜನ ಶಿರೂರಿನಲ್ಲಿದ್ದಾರೋ ಬೆಂಗಳೂರಿನಲ್ಲಿದ್ದಾರೋ ಅದಕ್ಕೆ ಗೊತ್ತಿಲ್ಲ.

ಆ 'ಎಲ್ಲಿಂದ ಎಲ್ಲಿಗೆ'ಗಾಗಿ ಹುಟ್ಟಿದ್ದು ಮೂರನೆಯ ದಾರಿ, ಗುರುತ್ವದ ಮಾದರಿ. ಹೌದು, ನ್ಯೂಟನ್ನನ ಗುರುತ್ವವೇ! ಎರಡು ಊರು ದೊಡ್ಡದಾದಷ್ಟೂ ಅವುಗಳ ನಡುವಿನ ಸೆಳೆತ ಹೆಚ್ಚು, ದೂರವಾದಷ್ಟೂ ಕಡಿಮೆ. 1946ರಲ್ಲಿ ಜಾರ್ಜ್ ಜಿಫ್ ಎಂಬ ಅಮೆರಿಕದವರು ಇದನ್ನು ಒಂದು ಸಾಲಿನ ಸೂತ್ರವಾಗಿ ಬರೆದರು: ಎರಡೂ ಊರಿನ ಜನಸಂಖ್ಯೆ ಗುಣಿಸಿ, ದೂರದಿಂದ ಭಾಗಿಸಿ.

ಒಂದು ಸಲ ಮಾಡಿಯೇ ನೋಡೋಣ, ಪೆನ್ನು ತಗೊಳ್ಳಿ. ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿಲೋಮೀಟರು, ಪುಣೆ 350, ಬೆಂಗಳೂರು 520. 2011ರ ಲೆಕ್ಕದಲ್ಲಿ ಸುತ್ತಲಿನ ಪಟ್ಟಣ ಪ್ರದೇಶ ಸೇರಿ ಸೊಲ್ಲಾಪುರದ ಜನಸಂಖ್ಯೆ ಸುಮಾರು ಒಂಬತ್ತೂವರೆ ಲಕ್ಷ, ಪುಣೆಯದು 50 ಲಕ್ಷ, ಬೆಂಗಳೂರಿನದು 85 ಲಕ್ಷ. ವಿಜಯಪುರದ ಸಂಖ್ಯೆ ಮೂರಕ್ಕೂ ಒಂದೇ, ಅದನ್ನು ಬಿಡಿ. ಲಕ್ಷವನ್ನು ದೂರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸೊಲ್ಲಾಪುರಕ್ಕೆ 9.5, ಪುಣೆಗೆ 14.3, ಬೆಂಗಳೂರಿಗೆ 16.3. ಬೆಂಗಳೂರು ಗೆದ್ದಿತು. ಈಗ ನ್ಯೂಟನ್ನನ ಹಾಗೆ ದೂರದ ವರ್ಗದಿಂದ ಭಾಗಿಸಿ, ಹೋಲಿಕೆಗೆ ಸೊಲ್ಲಾಪುರವನ್ನು 95 ಅಂತ ಇಟ್ಟುಕೊಳ್ಳಿ. ಪುಣೆ 41ಕ್ಕೆ ಇಳಿಯುತ್ತೆ, ಬೆಂಗಳೂರು 31ಕ್ಕೆ. ಸಾಲು ಪೂರಾ ತಲೆಕೆಳಗು!

ಹಾಗಾದರೆ ದೂರಕ್ಕೆ ಎಷ್ಟು ತೂಕ ಕೊಡಬೇಕು? ಅದನ್ನು ಯಾವ ಶಾಸ್ತ್ರವೂ ಮೊದಲೇ ಬರೆದಿಟ್ಟಿಲ್ಲ. ಹಿಂದೆ ಎಣಿಸಿ ಗೊತ್ತಾದ ವಲಸೆಯನ್ನು ಇಟ್ಟುಕೊಂಡು, ಯಾವ ತೂಕ ಹಾಕಿದರೆ ಅದಕ್ಕೆ ಹತ್ತಿರ ಬರುತ್ತೆ ಅಂತ ಹುಡುಕುತ್ತಾರೆ. ಸಂಖ್ಯಾಶಾಸ್ತ್ರದ ಮಾದರಿ ಅಂದರೆ ಇಷ್ಟೇ. ಆಮೇಲೆ ಅದಕ್ಕೆ ಕೂಲಿ, ಮಳೆ, ಭಾಷೆ, ಗಡಿ, ಮೊದಲೇ ಅಲ್ಲಿರುವ ನಮ್ಮವರ ಸಂಖ್ಯೆ ಇವನ್ನೆಲ್ಲ ಸೇರಿಸುತ್ತಾ ಹೋಗುತ್ತಾರೆ. ಕೊನೆಯದು ಬಹಳ ಮುಖ್ಯ. ನಾನು ಪುಣೆಗೆ ಬಂದದ್ದು ಗುರುತ್ವದಿಂದಲ್ಲ, ಸೋದರಮಾವನಿಂದ. ಅವರ ಖೋಲಿಯಲ್ಲಿ ಮಲಗಲು ಒಂದು ಚಾಪೆಯ ಜಾಗ ಇತ್ತು, ಅಷ್ಟೇ. ಮಾವ ಬಂದದ್ದು 1972ರ ಬರಗಾಲದಲ್ಲಿ. ಆಗಿನ್ನೂ ಬಿಜಾಪುರದ ಗಾಡಿ ಮೀಟರ್ ಗೇಜು, ಸೊಲ್ಲಾಪುರದಲ್ಲಿ ಇಳಿದು ಪುಣೆಯ ಗಾಡಿ ಹಿಡಿಯಬೇಕು. ನಕ್ಷೆಯ ದೂರ ಬೇರೆ, ಗಂಟು ಹೊತ್ತವನ ದೂರ ಬೇರೆ.

ನಮ್ಮ ಸರ್ಕಾರ ಈ ಮಾದರಿಗಳನ್ನು ದೊಡ್ಡದಾಗಿ ಬಳಸಿದ್ದು 2016-17ರ ಆರ್ಥಿಕ ಸಮೀಕ್ಷೆಯಲ್ಲಿ. ಮೇಲೆ ಹೇಳಿದ ಹತ್ತು-ಹತ್ತೊಂಬತ್ತರ ಹುಡುಗರ ಲೆಕ್ಕವನ್ನೇ ಅವರು ಹಾಕಿ, 2001ರಿಂದ 2011ರ ನಡುವೆ ವರ್ಷಕ್ಕೆ 50-65 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗಿದ್ದಾರೆ ಅಂದರು. ಇನ್ನೊಂದು ಜಾಣತನ ಮಾಡಿದರು, ರೈಲಿನ ರಿಸರ್ವೇಶನ್ ಇಲ್ಲದ ಟಿಕೆಟ್ಟುಗಳನ್ನು ಎಣಿಸಿದರು! ಕೆಲಸ ಹುಡುಕಿ ಹೋಗುವವನು ಜನರಲ್ ಡಬ್ಬಿಯಲ್ಲೇ ಹೋಗುತ್ತಾನೆ ಅನ್ನುವ ತರ್ಕ. ಆ ಲೆಕ್ಕದಲ್ಲಿ 2011ರಿಂದ 2016ರವರೆಗೆ ವರ್ಷಕ್ಕೆ ಸುಮಾರು 90 ಲಕ್ಷ ಬಂತು. ಅದೇ ಸಮೀಕ್ಷೆ ಗುರುತ್ವದ ಮಾದರಿ ಹಚ್ಚಿ ಇನ್ನೊಂದು ಮಾತು ಹೇಳಿತು: ಜನರ ಓಡಾಟಕ್ಕೆ ರಾಜ್ಯದ ಗಡಿ ಅಡ್ಡಿ, ಭಾಷೆ ಅಡ್ಡಿಯಾದಂತೆ ಕಾಣುವುದಿಲ್ಲ. ಡೇವಿಸ್ ಸಾಹೇಬರು 1951ರಲ್ಲಿ ಹೇಳಿದ್ದಕ್ಕೆ ಇದು ಉಲ್ಟಾ ನೋಡಿ.

2018ರಲ್ಲಿ ವಿಶ್ವಬ್ಯಾಂಕಿನ ಕೆಲವು ಅರ್ಥಶಾಸ್ತ್ರಜ್ಞರು ಇನ್ನೂ ಆಳಕ್ಕೆ ಇಳಿದರು. 2001ರ ಜನಗಣತಿಯ ಜಿಲ್ಲೆಯಿಂದ ಜಿಲ್ಲೆಗೆ ವಲಸೆಯ ಅಂಕಿ ಹಿಡಿದು ಅವರು ಕಂಡದ್ದು: ಅಕ್ಕಪಕ್ಕದ ಎರಡು ಜಿಲ್ಲೆ ಒಂದೇ ರಾಜ್ಯದಲ್ಲಿದ್ದರೆ ಅವುಗಳ ನಡುವಿನ ವಲಸೆ, ಗಡಿಯ ಆಚೀಚೆ ಇರುವ ಪಕ್ಕದ ಜಿಲ್ಲೆಗಳ ನಡುವಿನದಕ್ಕಿಂತ ಕನಿಷ್ಠ ನೂರಕ್ಕೆ ಐವತ್ತರಷ್ಟು ಹೆಚ್ಚು, ಭಾಷೆಯ ವ್ಯತ್ಯಾಸ ಕಳೆದ ಮೇಲೂ. ಕಾರಣ? ರೇಶನ್ ಕಾರ್ಡು ಗಡಿ ದಾಟುತ್ತಿರಲಿಲ್ಲ, ಕಾಲೇಜಿನ ಸೀಟು ದಾಟುವುದಿಲ್ಲ, ರಾಜ್ಯ ಸರ್ಕಾರದ ನೌಕರಿ ದಾಟುವುದಿಲ್ಲ. ಇದನ್ನು ಓದಿದಾಗ ನನಗೆ ಯಾರೋ ನಮ್ಮ ಮನೆಯ ಕಥೆಯನ್ನೇ ಸೂತ್ರದಲ್ಲಿ ಬರೆದಂತೆ ಆಯಿತು. ಮರಾಠಿ ನನಗೆ ಆರು ತಿಂಗಳಲ್ಲಿ ಬಂತು. ರೇಶನ್ ಕಾರ್ಡು ಬರಲು ಒಂಬತ್ತು ವರ್ಷ ಹಿಡಿಯಿತು. (ಆ ತೊಡಕು ಈಗ ಸ್ವಲ್ಪ ಸಡಿಲಾಗಿದೆ. 2019ರಲ್ಲಿ ಶುರುವಾದ ಒಂದೇ ದೇಶ ಒಂದೇ ರೇಶನ್ ಕಾರ್ಡು 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು.)

ಆಮೇಲೆ 2024ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಯಿಂದ ಇನ್ನೊಂದು ಅಂದಾಜು ಬಂತು. ಬಿಬೇಕ್ ದೇಬ್ರಾಯ್ ಮತ್ತು ದೇವಿ ಪ್ರಸಾದ್ ಮಿಶ್ರ ಬರೆದದ್ದು. 2011ರಲ್ಲಿ ದೇಶದೊಳಗಿನ ವಲಸೆಗಾರರು, ಮದುವೆಯಾಗಿ ಹೋದವರನ್ನೂ ಸೇರಿಸಿ, ಸುಮಾರು 45.5 ಕೋಟಿ ಇದ್ದರು. 2023ಕ್ಕೆ ಅದು 40.2 ಕೋಟಿಗೆ ಇಳಿದಿದೆ ಅಂತ ಅವರ ಲೆಕ್ಕ. ಆಧಾರ, ರೈಲಿನ ರಿಸರ್ವೇಶನ್ ಇಲ್ಲದ ಟಿಕೆಟ್ಟು, ಮೊಬೈಲು ಫೋನಿನ ಓಡಾಟ, ಬ್ಯಾಂಕಿನ ಹಣ.

ಇರಬಹುದು. ಆದರೆ ಶಿರೂರಿನಲ್ಲಿ ಕೂತು ಓದುವವನಿಗೆ ಒಂದು ಅನುಮಾನ ಬಂದೇ ಬರುತ್ತೆ. ನಮ್ಮೂರಿಗೆ ರೈಲೇ ಇಲ್ಲ! ಸಿಂದಗಿಯ ಆ ಹುಡುಗ ರೈಲು ಹತ್ತಿದರೂ ದೌಂಡಿನಲ್ಲಿ ಇಳಿಯುತ್ತಾನೆ, ಇಲ್ಲವೇ ಪುಣೆಗೆ ಹೋಗಿ ಎಸ್‌ಟಿ ಹಿಡಿದು ವಾಪಸ್ ಬರುತ್ತಾನೆ. ಟಿಕೆಟ್ಟಿನ ಲೆಕ್ಕದಲ್ಲಿ ಅವನು ದೌಂಡಿನವನು, ಇಲ್ಲವೇ ಪುಣೆಯವನು. ನಾನು ನೋಡಿದಂತೆ ಈಗ ಅನೇಕರು ರೈಲು ಹತ್ತುವುದೂ ಇಲ್ಲ. ಊರಿನ ಅಗಸೆಯಿಂದಲೇ ಕ್ರೂಸರ್ ಹೊರಟು ಸೈಟಿನ ಮುಂದೆಯೇ ಇಳಿಸುತ್ತೆ. ಟಿಕೆಟ್ಟು ಕಡಿಮೆಯಾದರೆ ಜನ ಕಡಿಮೆಯಾದರು ಅಂತಲೋ, ಗಾಡಿ ಬದಲಾಯಿತು ಅಂತಲೋ? ಟಿಕೆಟ್ಟು ಒಂದೇ ಅದನ್ನು ಹೇಳಲಾರದು.

ಇನ್ನು ಕಬ್ಬು ಕಡಿಯುವವರು. ನಮ್ಮ ತಾಲೂಕಿನ ನ್ಹಾವರೆಯಲ್ಲಿ ಘೋಡಗಂಗಾ ಸಕ್ಕರೆ ಕಾರ್ಖಾನೆ ಇದೆ, ಈ ಸೀಮೆಯಲ್ಲಿ ಕಬ್ಬಿಗೆ ಕೊರತೆ ಇಲ್ಲ. ದೀಪಾವಳಿಯ ಸುಮಾರಿಗೆ ಬರುವ ಗ್ಯಾಂಗುಗಳಲ್ಲಿ ಬೀಡ ಕಡೆಯವರು ಹೆಚ್ಚು, ಅಲ್ಲಲ್ಲಿ ನಮ್ಮ ಕಡೆಯವರೂ ಸಿಗುತ್ತಾರೆ. ಗಂಡ ಹೆಂಡತಿ ಸೇರಿ ಒಂದು 'ಕೋಯ್ತಾ'. ಮುಕಾದಮ ಕೊಟ್ಟ 'ಉಚಲ್', ಅಂದರೆ ಮುಂಗಡ, ತೀರುವವರೆಗೆ ಹೊಲದ ಅಂಚಿನ ಕೋಪಿಯಲ್ಲೇ ವಾಸ. ಮಾರ್ಚ್-ಏಪ್ರಿಲಿಗೆ ವಾಪಸ್. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2007-08ರಲ್ಲಿ 'ಅಲ್ಪಾವಧಿ ವಲಸೆಗಾರ' ಅಂತ ಒಂದು ಮನೆ ಮಾಡಿದರು: ವರ್ಷದಲ್ಲಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ, ಆರು ತಿಂಗಳೊಳಗೆ ಕೆಲಸಕ್ಕೆ ಹೊರಗಿದ್ದವನು. ಕಬ್ಬು ಚೆನ್ನಾಗಿ ಬಂದ ವರ್ಷ ಹಂಗಾಮು ಆರು ತಿಂಗಳಿಗೆ ಹೋಗಿ ತಾಗುತ್ತೆ. ಒಂದು ವಾರ ಹೆಚ್ಚು ಕಡಿದರೆ ಅದೇ ದಂಪತಿ ಆ ಮನೆಯಿಂದ ಹೊರಗೆ! 2001ರಲ್ಲೂ 2011ರಲ್ಲೂ ಜನಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಹೊತ್ತಿಗೆ ಊರಿನ ಮನೆಗೆ ಬೀಗ, ಮನುಷ್ಯರು ಶಿರೂರಿನ ಕಬ್ಬಿನಲ್ಲಿ. ಎಣಿಸುವವರು ಆ ಕೋಪಿಯ ತನಕ ನಡೆದು ಹೋದರೆ ಅವರು ಇದ್ದಾರೆ, ಹೋಗದಿದ್ದರೆ ಎಲ್ಲೂ ಇಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತೆ ಅಂತ ಕೇಳುತ್ತೀರಾ? ನಾವೆಲ್ಲ ಕಣ್ಣಾರೆ ಕಂಡೆವಲ್ಲ, 2020ರಲ್ಲಿ.

ಮಾರ್ಚ್ 25ಕ್ಕೆ ಎಲ್ಲ ಬಂದ್ ಆಯಿತು. ಏಪ್ರಿಲಿನಲ್ಲಿ ನಮ್ಮ ಓಣಿಯ ಹಿಂದಿನ ಶೆಡ್ಡಿನಿಂದ ಒಬ್ಬ ಹುಡುಗ ಬಂದು, "ಅಣ್ಣಾರ, ಹಿಟ್ಟ ತೀರೇದ್ರಿ" ಅಂದ. ಹೋಗಿ ನೋಡಿದರೆ ಹನ್ನೊಂದು ಜನ. ಮರುದಿನ ಇನ್ನೊಂದು ಸೈಟಿನಿಂದ ಬಂದರು. ಹಳೆಯ ಅಭ್ಯಾಸ, ಒಂದು ನೋಟ್‌ಬುಕ್ಕು ತೆಗೆದು ಹೆಸರು, ಊರು, ತಾಲೂಕು, ಯಾವ ದಿನ ಬಂದ, ಎಲ್ಲ ಬರೆಯತೊಡಗಿದೆ. ವಾರದಲ್ಲಿ 43 ಹೆಸರಾದವು, ಇಂಡಿ, ಸಿಂದಗಿ, ಅಫಜಲಪುರ, ಶಹಾಪುರ. ಯಾವ ಕಚೇರಿಗೆ ಫೋನು ಮಾಡಿದರೂ ಮೊದಲ ಪ್ರಶ್ನೆ, "ಒಟ್ಟು ಎಷ್ಟು ಜನ?" ಅಂತ. ನನಗೆ ಗೊತ್ತಿದ್ದದ್ದು ನಲವತ್ಮೂರು, ಅಷ್ಟೇ. ತಾಲೂಕಿನದು ಯಾರಿಗೂ ಗೊತ್ತಿರಲಿಲ್ಲ. ಪಾಸು ಸಿಗುವ ಹೊತ್ತಿಗೆ ಕರ್ನಾಟಕ ಸರ್ಕಾರ, ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರನ್ನು ಮೇ 31ರವರೆಗೆ ಬಿಡುವುದಿಲ್ಲ ಅಂತ ಮೇ 18ಕ್ಕೆ ಹೇಳಿತು. ಅವರನ್ನೂ ಪೂರಾ ತಪ್ಪು ಅನ್ನಲಾರೆ. ಮಹಾರಾಷ್ಟ್ರದಿಂದ ವಾಪಸ್ಸಾದವರಲ್ಲಿ ಕಲಬುರಗಿ, ಯಾದಗಿರಿ ಕಡೆ ದಿನಾ ಸೋಂಕು ಪತ್ತೆಯಾಗುತ್ತಿತ್ತು. ಎಷ್ಟು ಜನ ಬರುತ್ತಾರೆ ಅನ್ನುವುದು ಮೊದಲೇ ಗೊತ್ತಿದ್ದಿದ್ದರೆ ಅಷ್ಟು ಹಾಸಿಗೆ, ಅಷ್ಟು ಶಾಲೆ ಮೊದಲೇ ತಯಾರು ಮಾಡಬಹುದಿತ್ತಲ್ಲ ಅಂತ ಮಾತ್ರ ಅನ್ನಿಸುತ್ತೆ. ನಮ್ಮ ಹುಡುಗರು ಜೂನಿನಲ್ಲಿ ಧೂಳಖೇಡ ದಾಟಿದರು. ಲಾಕ್‌ಡೌನಿನಲ್ಲಿ ಊರಿಗೆ ಮರಳಿದವರು ದೇಶದಲ್ಲಿ ಒಂದು ಕೋಟಿಗೂ ಮೇಲೆ ಅಂತ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು ಸೆಪ್ಟೆಂಬರಿನಲ್ಲಿ, ಎಲ್ಲ ಮುಗಿದ ಮೇಲೆ. ಅಸಂಘಟಿತ ಕಾರ್ಮಿಕರ ಹೆಸರು ಬರೆಸಲು ಇ-ಶ್ರಮ್ ಶುರುವಾದದ್ದು 2021ರ ಆಗಸ್ಟಿನಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಂಘಗಳ ಸಭೆಯಲ್ಲಿ ಆಗಾಗ ಕೇಳುವ ಒಂದು ಮಾತಿಗೂ ಉತ್ತರ ಹೇಳಿಬಿಡುತ್ತೇನೆ. "ಮಹಾರಾಷ್ಟ್ರದಲ್ಲಿ ಕನ್ನಡಿಗರು 2001ರಲ್ಲಿ ಸುಮಾರು ಹನ್ನೆರಡೂವರೆ ಲಕ್ಷ ಇದ್ದರು, 2011ರಲ್ಲಿ ಹತ್ತು ಲಕ್ಷಕ್ಕೆ ಇಳಿದರು, ಅಂದರೆ ಎರಡೂವರೆ ಲಕ್ಷ ಜನ ವಾಪಸ್ ಹೋದರು" ಅಂತ. ಅಂಕಿ ಸರಿ, ತೀರ್ಮಾನ ಸರಿಯಲ್ಲ. ಅದು ಮಾತೃಭಾಷೆಯ ಕೋಷ್ಟಕ, ವಲಸೆಯದ್ದಲ್ಲ. ಅಕ್ಕಲಕೋಟೆ, ಜತ್ತದ ಕನ್ನಡಿಗರು ಎಲ್ಲಿಂದಲೂ ಬಂದವರಲ್ಲ, ಅವರು ಅಲ್ಲಿಯವರೇ. ಅವರೂ ಆ ಹತ್ತು ಲಕ್ಷದಲ್ಲಿ ಸೇರಿದ್ದಾರೆ. ಊರಿಗೆ ಮರಳಿದವನು, ತೀರಿಕೊಂಡವನು, ಮಾತೃಭಾಷೆ ಮರಾಠಿ ಅಂತ ಬರೆಸಿದವನು, ಮೂವರೂ ಆ ಕೋಷ್ಟಕದಲ್ಲಿ ಒಂದೇ ಥರ ಮಾಯವಾಗುತ್ತಾರೆ. 2011ರಲ್ಲಿ ನಮ್ಮ ಮನೆಗೆ ಬಂದ ಮಾಸ್ತರರು ನನ್ನ ಮಗಳ ಶಾಲೆ ಕೇಳಿ, ಮರಾಠಿ ಮೀಡಿಯಂ ಅಂದ ಕೂಡಲೇ ಮಾತೃಭಾಷೆಯ ಮನೆಯಲ್ಲೂ ಮರಾಠಿ ತುಂಬಲು ಹೊರಟಿದ್ದರು. ಪಾಪ, ಅವರಿಗೂ ಅವಸರ. ಪಕ್ಕದಲ್ಲಿ ಕೂತಿದ್ದೆನಾದ್ದರಿಂದ ತಿದ್ದಿಸಿದೆ. ಇಲ್ಲದಿದ್ದರೆ ಒಬ್ಬಳು ಕನ್ನಡತಿ ಊರಿಗೆ ಹೋಗದೆಯೇ 'ಹೋಗಿಬಿಡುತ್ತಿದ್ದಳು'.

ಹಾಗಂತ ಈ ಮಾದರಿಗಳೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಗೋದಾಮಿನಲ್ಲಿ ಗೋಧಿಯ ರಾಶಿಯನ್ನು ಯಾರೂ ಕಾಳು ಕಾಳಾಗಿ ಎಣಿಸುವುದಿಲ್ಲ, ಉದ್ದ ಅಗಲ ಅಳೆದು ಅಂದಾಜು ಹಾಕುತ್ತಾರೆ, ಕೆಲಸ ನಡೆಯುತ್ತೆ. ಆದರೆ ವರ್ಷಕ್ಕೊಮ್ಮೆಯಾದರೂ ತಕ್ಕಡಿಗೆ ಹಾಕಿ ತೂಗಲೇಬೇಕು, ಇಲ್ಲದಿದ್ದರೆ ಅಂದಾಜಿಗೇ ಅಂದಾಜು ಹಚ್ಚುತ್ತಾ ಹೋಗುತ್ತೇವೆ. ನಮ್ಮ ತಕ್ಕಡಿ ಜನಗಣತಿ. 1971ರಿಂದ ಅದರಲ್ಲಿ 'ಇದಕ್ಕೆ ಮುಂಚೆ ಎಲ್ಲಿದ್ದಿರಿ' ಅಂತ ಕೇಳುತ್ತಾರೆ, 1981ರಿಂದ 'ಯಾಕೆ ಬಂದಿರಿ' ಅಂತಲೂ. 2021ರದು ನಡೆಯಲೇ ಇಲ್ಲ. ಹಾಗಾಗಿ ಇಷ್ಟು ವರ್ಷ ನಾವು ನೋಡಿದ್ದೆಲ್ಲ 2011ರ ತೂಕದ ಮೇಲೆ ಕಟ್ಟಿದ ಅಂದಾಜು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದ ದಿನ ಅಂತ 2025ರ ಜೂನಿನಲ್ಲಿ ಪ್ರಕಟಿಸಿದರು. ಅಂದರೆ ಮತ್ತೆ ಫೆಬ್ರವರಿ, ಮತ್ತೆ ಕಬ್ಬಿನ ಹಂಗಾಮು.

ಅದಕ್ಕೇ ಪುಣೆ, ಮುಂಬಯಿ, ಸೊಲ್ಲಾಪುರ, ಎಲ್ಲೇ ಇರುವ ನಮ್ಮವರಿಗೆ ನನ್ನದೊಂದು ವಿನಂತಿ. ಎಣಿಸುವವರು ಬಂದಾಗ ಚಹಾ ಕೊಟ್ಟು ಕೂರಿಸಿಕೊಳ್ಳಿ. ಹುಟ್ಟಿದ ಊರು, ಮೊದಲಿದ್ದ ಊರು, ಬಂದ ವರ್ಷ, ಕಾರಣ, ಮಾತೃಭಾಷೆ, ಈ ಐದನ್ನು ನೀವೇ ಬಾಯಿಬಿಟ್ಟು ಹೇಳಿ, ಬರೆದದ್ದನ್ನು ಓದಿಸಿ ಕೇಳಿ. ಆಮೇಲೆ ನಿಮ್ಮ ಓಣಿಯ ಹಿಂದೆ ಶೆಡ್ಡು ಇದ್ದರೆ, ಹತ್ತಿರದಲ್ಲಿ ಕೋಪಿ ಇದ್ದರೆ, "ಅಲ್ಲೂ ಜನ ಇದ್ದಾರೆ ಸರ್" ಅಂತ ಕೈ ಮಾಡಿ ತೋರಿಸಿ.

ಆ ನೋಟ್‌ಬುಕ್ಕು ಇನ್ನೂ ನನ್ನ ಕಪಾಟಿನಲ್ಲಿದೆ. ಮೊನ್ನೆ ಚಹಾದಂಗಡಿಯ ಹುಡುಗ ಮತ್ತೆ ಸಿಕ್ಕ. "ಕಾಕಾರ, ಲೆಕ್ಕ ಸಿಕ್ತೇನ್ರಿ?" ಅಂದ. "ಇಲ್ಲಪ್ಪ, ಸದ್ಯ ನಲವತ್ಮೂರು ಅದಾವ. ನಿನ್ನ ಹೆಸರ ಹೇಳು, ನಲವತ್ನಾಕ ಮಾಡ್ತೀನಿ" ಅಂದೆ. ನಕ್ಕ. ಹೆಸರು ಬರೆಸಿ, ಚಹಾದ ದುಡ್ಡೂ ಅವನೇ ಕೊಟ್ಟು ಹೋದ.